ನರಮೇಧ ಅಂದ್ರೆ ಎಂತ ಮಾಷ್ಟ್ರೇ?

ಕೆಲವು ವರ್ಷಗಳ ಹಿಂದಿನ ಮಾತು. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಗೆ ಕನ್ನಡವೇ ಬಾರದ ಅಧ್ಯಾಪಕರನ್ನು ಹಾಕಿದ್ದಾರೆ ಅಂತ ಊರವರೆಲ್ಲ ಸೇರಿ ಧರಣಿ ಕೂರುವುದೆಂದು ನಿಶ್ಚಯವಾಗಿತ್ತು. ನಾನು ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಅಕ್ಷರ ಚಂದ ಅಂತ ಬೋರ್ಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹಿಂದಿನ ದಿನ ಸಂಜೆ ಮನೆಯ ಜಗಲಿಯಲ್ಲಿ ಡ್ರಾಯಿಂಗ್ ಶೀಟ್ ಹರಡಿ, ತೆಂಗಿನ ಗೆರಟೆಯಲ್ಲಿ ಕೆಂಪು ಬಣ್ಣ ಕಲಸಿ ಕೂತಿದ್ದೆ. ಹುಡುಗನೊಬ್ಬ ಬೈಕ್ ನಿಲ್ಲಿಸಿ ಬಂದು, "ಮಾಷ್ಟ್ರೇ, ದೊಡ್ಡ ಅಕ್ಷರದಲ್ಲಿ ಹಾಕಿ, ಕನ್ನಡದ ನರಮೇಧ ನಿಲ್ಲಿಸಿ ಅಂತ" ಅಂದ. ಹಾಗೇ ಬರೆದೆ. ಅಕ್ಷರಕ್ಕೆ ಬಣ್ಣ ತುಂಬಲು ಕೂತಿದ್ದ ಏಳನೇ ಕ್ಲಾಸಿನ ಹುಡುಗಿ ಬ್ರಶ್ ಎತ್ತಿ ಕೇಳಿದಳು, "ನರಮೇಧ ಅಂದ್ರೆ ಎಂತ ಮಾಷ್ಟ್ರೇ?"

"ತುಂಬ ಜನರನ್ನು ಕೊಲ್ಲುವುದು" ಅಂದೆ.

"ಹಾಗಾದರೆ ಇಲ್ಲಿ ಯಾರನ್ನು ಕೊಂದದ್ದು?"

ನನಗೆ ಉತ್ತರ ಹೊಳೆಯಲಿಲ್ಲ. ಬಣ್ಣ ಒಣಗುತ್ತದೆ, ಬೇಗ ಮುಗಿಸು ಅಂದುಬಿಟ್ಟೆ. ಮರುದಿನ ಆ ಬೋರ್ಡನ್ನು ಬಿಸಿಲಿನಲ್ಲಿ ಎತ್ತಿ ಹಿಡಿದು ನಿಂತವಳು ಅದೇ ಹುಡುಗಿ.

ಅವಳ ಪ್ರಶ್ನೆ ಮತ್ತೆ ಎದ್ದು ಬಂದದ್ದು ಗಾಜಾದ ಸುದ್ದಿ ಶುರುವಾದ ಮೇಲೆ. ಕಾಸರಗೋಡಿನ ಮನೆಗಳಲ್ಲಿ ಎರಡು ಭಾಷೆಯ ಸುದ್ದಿ ಒಟ್ಟೊಟ್ಟಿಗೆ ನಡೆಯುತ್ತದೆ. ಬೆಳಿಗ್ಗೆ ಕನ್ನಡ ಪೇಪರ್, ರಾತ್ರಿ ಮಲಯಾಳ ಚಾನೆಲ್. ಚಾನೆಲ್‌ನಲ್ಲಿ 'ವಂಶಹತ್ಯ' ಅನ್ನುತ್ತಾರೆ, ಪೇಪರ್‌ನಲ್ಲಿ 'ನರಮೇಧ' ಅಂತ ಬರುತ್ತದೆ. ಎರಡೂ ಹೇಳಲು ಹೊರಟದ್ದು ಜೆನೊಸೈಡ್ ಅನ್ನುವ ಒಂದೇ ಶಬ್ದವನ್ನು. ಆದರೆ ಅಶ್ವಮೇಧದಲ್ಲಿ ಕುದುರೆ ಸತ್ತ ಹಾಗೆ ನರಮೇಧದಲ್ಲಿ ಮನುಷ್ಯರು ಸಾಯುತ್ತಾರೆ, ಅಷ್ಟೇ. ಸತ್ತವರು ಯಾರು, ಅವರನ್ನೇ ಯಾಕೆ ಆರಿಸಿ ಕೊಂದರು ಅನ್ನುವುದು ಆ ಶಬ್ದದೊಳಗೆ ಇಲ್ಲ. ಹಾಗಾಗಿಯೇ ನಮ್ಮ ಪತ್ರಿಕೆಗಳಲ್ಲಿ ಬಾಂಬ್ ಸ್ಫೋಟಕ್ಕೂ ನರಮೇಧ, ಗುಂಡಿನ ದಾಳಿಗೂ ನರಮೇಧ. ಈ ವಿಷಯದಲ್ಲಿ ಮಲಯಾಳದ ಶಬ್ದವೇ ಹೆಚ್ಚು ಸರಿ ಅಂತ ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಅದರಲ್ಲಿ 'ವಂಶ' ಇದೆ. ಕನ್ನಡದಲ್ಲಿ 'ಜನಾಂಗಹತ್ಯೆ' ಅನ್ನುವುದು ಅದಕ್ಕೆ ಹತ್ತಿರ. ಇಲ್ಲಿ ಅದನ್ನೇ ಬಳಸುತ್ತೇನೆ.

ನಮ್ಮ ಕಡೆಯವರಿಗೆ ಸರ್ಪಯಾಗದ ಕಥೆ ನೆನಪು ಮಾಡಿದರೆ ಈ ಅಪರಾಧ ಬೇಗ ಅರ್ಥವಾಗುತ್ತದೆ. ಮನೆಯ ಹಿಂದೆ ನಾಗಬನ ಇರುವವರಿಗೆ, ಯಕ್ಷಗಾನ ನೋಡಿ ಬೆಳೆದವರಿಗೆ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಪರೀಕ್ಷಿತನನ್ನು ಕಚ್ಚಿದವನು ತಕ್ಷಕ ಒಬ್ಬ. ಮಗ ಜನಮೇಜಯ ಅವನೊಬ್ಬನನ್ನು ಹಿಡಿದು ಕೊಂದಿದ್ದರೆ ಅದು ಸೇಡು ಆಗುತ್ತಿತ್ತು. ಅವನು ಸರ್ಪಕುಲವೇ ಇರಬಾರದು ಅಂತ ಹೊರಟ. ಮಂತ್ರ ಹೇಳಿದ ಹಾಗೆಲ್ಲ ಮುದಿ ಹಾವು, ಮರಿ ಹಾವು ಎಲ್ಲವೂ ಎಲ್ಲೆಲ್ಲಿಂದಲೋ ಬಂದು ಕುಂಡಕ್ಕೆ ಬಿದ್ದವು. ನೀನು ಯಾರನ್ನಾದರೂ ಕಚ್ಚಿದ್ದೀಯಾ ಅಂತ ಒಂದನ್ನೂ ಕೇಳಿದವರಿಲ್ಲ. ಹಾವಾಗಿ ಹುಟ್ಟಿದ್ದೇ ಸಾಕಾಯಿತು. ಯಾವ ಹೋಮಕ್ಕೂ ಮೊದಲು ಸಂಕಲ್ಪ ಮಾಡುತ್ತಾರಲ್ಲ, ಏನಕ್ಕೆ, ಯಾರಿಗಾಗಿ ಅಂತ? ಜನಾಂಗಹತ್ಯೆಯ ಕಾನೂನು ಮೊದಲು ಹುಡುಕುವುದು ಆ ಸಂಕಲ್ಪವನ್ನು. ಹೆಣಗಳ ಲೆಕ್ಕ ಆಮೇಲಿನದು.

ಜೆನೊಸೈಡ್ ಅನ್ನುವ ಶಬ್ದ ಹುಟ್ಟಿದ್ದು 1944ರಲ್ಲಿ. ಹುಟ್ಟಿಸಿದವರು ರಾಫೆಲ್ ಲೆಮ್ಕಿನ್ ಎನ್ನುವ ಯಹೂದಿ ವಕೀಲರು. 1900ರಲ್ಲಿ ಅವರು ಹುಟ್ಟಿದಾಗ ಅವರ ಊರು ರಷ್ಯಾ ಸಾಮ್ರಾಜ್ಯದಲ್ಲಿತ್ತು. ಮೊದಲ ಮಹಾಯುದ್ಧ ಮುಗಿದು ಅದು ಪೋಲೆಂಡಿಗೆ ಸೇರಿತು. ಈಗ ಬೆಲಾರುಸ್‌ನಲ್ಲಿದೆ. ಪೋಲಿಷ್, ಯಿಡ್ಡಿಷ್, ರಷ್ಯನ್, ಬೆಲರೂಸಿಯನ್ ಎಲ್ಲ ಒಂದೇ ಸಂತೆಯಲ್ಲಿ ಕೇಳಿಸುತ್ತಿದ್ದ ಜಾಗ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಅಂತ ಏಳು ಭಾಷೆಗಳ ನಡುವೆ ಬದುಕುವ ನಮಗೆ ಅಂಥ ಊರು ಹೇಗಿದ್ದೀತು ಅಂತ ಊಹಿಸುವುದು ಕಷ್ಟವಲ್ಲ, ಅಲ್ವಾ? ಅಂಥ ಊರಲ್ಲಿ ಎಲ್ಲರೂ ಎಲ್ಲರ ಭಾಷೆ ಸ್ವಲ್ಪ ಸ್ವಲ್ಪ ಮಾತಾಡುತ್ತಾರೆ. ಯಾರು ಯಾವ ಗುಂಪು ಅನ್ನುವುದೂ ಎಲ್ಲರಿಗೂ ಗೊತ್ತಿರುತ್ತದೆ.

ಲೆಮ್ಕಿನ್‌ರ ತಲೆಯಲ್ಲಿ ಹುಳ ಬಿಟ್ಟದ್ದು 1921ರ ಒಂದು ಕೊಲೆ ಕೇಸು. 1915ರಿಂದ ಒಟ್ಟೋಮನ್ ತುರ್ಕಿಯಲ್ಲಿ ಲಕ್ಷಾಂತರ ಆರ್ಮೀನಿಯನ್ನರನ್ನು ಕೊಂದಿದ್ದರು, ಮರುಭೂಮಿಗೆ ಅಟ್ಟಿ ಸಾಯಿಸಿದ್ದರು. ಅದರ ಮುಖ್ಯ ರೂವಾರಿ ತಲಾತ್ ಪಾಷಾ ಬರ್ಲಿನ್‌ನಲ್ಲಿ ಆರಾಮಾಗಿ ಓಡಾಡಿಕೊಂಡಿದ್ದ. ಸೊಗೊಮೊನ್ ತೆಹ್ಲಿರಿಯನ್ ಎನ್ನುವ ಆರ್ಮೀನಿಯನ್ ಯುವಕ ಅವನನ್ನು ಬೀದಿಯಲ್ಲಿ ಗುಂಡಿಟ್ಟು ಕೊಂದ. ಲೆಮ್ಕಿನ್ ಆ ಸುಮಾರಿಗೆ, ಈಗ ಉಕ್ರೇನ್‌ನಲ್ಲಿರುವ ಲ್ವೀವ್ ಎನ್ನುವ ಊರಿನಲ್ಲಿ ಓದುತ್ತಿದ್ದರು. ಒಬ್ಬನನ್ನು ಕೊಂದವನಿಗೆ ವಿಚಾರಣೆ ಇದೆ, ಅಷ್ಟು ಲಕ್ಷ ಜನರನ್ನು ಕೊಲ್ಲಿಸಿದವನಿಗೆ ಯಾಕಿಲ್ಲ ಅಂತ ಪ್ರೊಫೆಸರನ್ನು ಕೇಳಿದರು. ಕೋಳಿ ಸಾಕುವ ರೈತ ತನ್ನ ಕೋಳಿಯನ್ನು ಕೊಂದರೆ ನಾವು ಕೇಳುವುದುಂಟೇ, ಅದು ಅವನ ವ್ಯವಹಾರ ಅಂತ ಪ್ರೊಫೆಸರ್ ಹೇಳಿದರಂತೆ. ಒಂದು ರಾಜ್ಯ ತನ್ನ ಪ್ರಜೆಗಳಿಗೆ ಏನು ಮಾಡಿದರೂ ಹೊರಗಿನವರು ಕೇಳುವ ಹಾಗಿಲ್ಲ, ಆ ಕಾಲದ ಕಾನೂನು ಇದ್ದದ್ದೇ ಹಾಗೆ. ಜನರನ್ನು ಕೋಳಿಗೆ ಹೋಲಿಸಿದ ಆ ಮಾತು ಲೆಮ್ಕಿನ್‌ರನ್ನು ಜೀವನ ಪೂರ್ತಿ ಕಾಡಿತು.

1933ರಲ್ಲಿ ಮ್ಯಾಡ್ರಿಡ್‌ನ ಕಾನೂನು ಸಮ್ಮೇಳನಕ್ಕೆ ಅವರು ಎರಡು ಹೊಸ ಅಪರಾಧಗಳ ಪ್ರಸ್ತಾಪ ಕಳಿಸಿದರು. ಒಂದು ಗುಂಪಿನ ಜನರನ್ನು ನಾಶಮಾಡುವುದು ಒಂದು, ಆ ಗುಂಪಿನ ಸಂಸ್ಕೃತಿಯನ್ನು, ಕಲೆಯನ್ನು ನಾಶಮಾಡುವುದು ಇನ್ನೊಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1939ರಲ್ಲಿ ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿತು. ಲೆಮ್ಕಿನ್ ಲಿಥುವೇನಿಯಾ, ಸ್ವೀಡನ್ ದಾಟಿ 1941ರಲ್ಲಿ ಅಮೆರಿಕ ಸೇರಿದರು. ಹಿಂದೆ ಉಳಿದ ಬಂಧುಗಳಲ್ಲಿ 49 ಮಂದಿ ಸತ್ತರು, ಅಪ್ಪ ಅಮ್ಮನೂ ಅದರಲ್ಲಿ ಸೇರಿದ್ದರು. ನಾಜಿಗಳು ಹೊರಡಿಸಿದ ಹುಕುಂಗಳನ್ನು ಒಂದೊಂದಾಗಿ ಕೂಡಿಹಾಕಿ ಅವರು 1944ರಲ್ಲಿ ಒಂದು ದಪ್ಪ ಪುಸ್ತಕ ಹೊರತಂದರು. ಅದರಲ್ಲಿ ಗ್ರೀಕಿನ 'ಗೆನೋಸ್', ಅಂದರೆ ಕುಲ ಅಥವಾ ಜನಾಂಗ, ಮತ್ತು ಕೊಲ್ಲುವುದು ಅನ್ನುವ ಲ್ಯಾಟಿನ್ ತುಂಡನ್ನು ಸೇರಿಸಿ ಈ ಶಬ್ದ ಕಟ್ಟಿದರು.

ಶಬ್ದ ಬಂತು, ಆದರೆ ಕಾನೂನು ಬರಲಿಲ್ಲ. ಯುದ್ಧ ಮುಗಿದ ಮೇಲೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ವಿಚಾರಣೆಗೆ ನಿಂತ ನಾಜಿ ನಾಯಕರ ಆರೋಪಪಟ್ಟಿಯಲ್ಲಿ ಜೆನೊಸೈಡ್ ಅಂತ ಬರೆದಿದ್ದರು. 1946ರ ತೀರ್ಪಿನಲ್ಲಿ ಅದು ಒಂದು ಸಲವೂ ಬರಲಿಲ್ಲ. ಅಲ್ಲಿ ನಡೆದದ್ದು 'ಮಾನವತೆಯ ವಿರುದ್ಧದ ಅಪರಾಧ' ಎನ್ನುವ ಇನ್ನೊಂದು ಕಲ್ಪನೆ. ಅದನ್ನು ರೂಪಿಸಿದ ಹರ್ಷ್ ಲಾಟರ್‌ಪಾಕ್ಟ್ ಕೂಡ ಅದೇ ಲ್ವೀವ್‌ನಲ್ಲಿ ಓದಿದವರು. ಅವರಿಗೆ ಮುಖ್ಯವಾದದ್ದು ಒಬ್ಬೊಬ್ಬ ಮನುಷ್ಯನ ಜೀವ. ಗುಂಪುಗಳಿಗೆ ಕಾನೂನಿನಲ್ಲಿ ಇಷ್ಟು ಮಹತ್ವ ಕೊಟ್ಟರೆ ಗುಂಪುಗಳ ನಡುವಿನ ಗೋಡೆ ಇನ್ನೂ ಎತ್ತರವಾಗುತ್ತದೆ ಅನ್ನುವುದು ಅವರ ಅನುಮಾನ. ಭಾಷೆ, ಜಾತಿ, ಧರ್ಮ ಅಂತ ದಿನಾ ಲೆಕ್ಕ ಹಾಕುವ ನಮ್ಮ ಊರಲ್ಲಿ ಕೂತು ಓದುವಾಗ ಆ ಅನುಮಾನ ಸುಮ್ನೆ ತಳ್ಳಿಹಾಕುವಂಥದ್ದಲ್ಲ ಅನಿಸುತ್ತದೆ.

ತೀರ್ಪಿನಿಂದ ಬೇಸತ್ತ ಲೆಮ್ಕಿನ್ ವಿಶ್ವಸಂಸ್ಥೆಯ ಬಾಗಿಲಿಗೆ ಹೋದರು. ಇಲ್ಲಿ ಭಾರತದ ಹೆಸರು ಬರುತ್ತದೆ, ನಮ್ಮ ಪಾಠಪುಸ್ತಕಗಳಲ್ಲಿ ಇದನ್ನು ನಾನು ಕಂಡಿಲ್ಲ. ಜನಾಂಗಹತ್ಯೆಯನ್ನು ಅಂತಾರಾಷ್ಟ್ರೀಯ ಅಪರಾಧ ಅಂತ ಸಾರುವ ಗೊತ್ತುವಳಿಯನ್ನು ಮಂಡಿಸಿದ್ದು ಕ್ಯೂಬಾ, ಪನಾಮಾ ಮತ್ತು ಭಾರತ. ಆಗ ನಮಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ನಿಯೋಗದ ಮುಖ್ಯಸ್ಥೆ ವಿಜಯಲಕ್ಷ್ಮಿ ಪಂಡಿತ್. 1946ರ ಡಿಸೆಂಬರ್ 11ರಂದು ಗೊತ್ತುವಳಿ ಪಾಸಾಯಿತು. ಎರಡು ವರ್ಷದ ಬಳಿಕ, 1948ರ ಡಿಸೆಂಬರ್ 9ರಂದು ಪ್ಯಾರಿಸ್‌ನಲ್ಲಿ ಒಪ್ಪಂದಕ್ಕೇ ಒಪ್ಪಿಗೆ ಸಿಕ್ಕಿತು. 1951ರ ಜನವರಿಯಲ್ಲಿ ಅದು ಜಾರಿಗೆ ಬಂತು. ಇವತ್ತು 150ಕ್ಕಿಂತ ಹೆಚ್ಚು ದೇಶಗಳು ಅದರಲ್ಲಿವೆ.

ಆ ಒಪ್ಪಂದದ ಎರಡನೇ ವಿಧಿ ಚಿಕ್ಕದು. ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪನ್ನು, ಅದು ಆ ಗುಂಪು ಅನ್ನುವ ಕಾರಣಕ್ಕೇ, ಪೂರ್ತಿಯಾಗಿ ಅಥವಾ ಭಾಗಶಃ ನಾಶಮಾಡುವ ಉದ್ದೇಶ ಇರಬೇಕು. ಆ ಉದ್ದೇಶದಿಂದ ಐದರಲ್ಲಿ ಒಂದು ಕೆಲಸ ಮಾಡಿರಬೇಕು. ಗುಂಪಿನವರನ್ನು ಕೊಲ್ಲುವುದು, ದೇಹಕ್ಕೋ ಮನಸ್ಸಿಗೋ ಗಂಭೀರ ಹಾನಿ ಮಾಡುವುದು, ಬದುಕಲಾಗದ ಪರಿಸ್ಥಿತಿಯನ್ನು ಬೇಕೆಂದೇ ತಂದಿಡುವುದು, ಹೆರಿಗೆ ಆಗದ ಹಾಗೆ ತಡೆಯುವುದು, ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದು. ಕೊನೆಯ ಎರಡನ್ನು ಇನ್ನೊಮ್ಮೆ ಓದಿ. ಒಂದೇ ಒಂದು ಹೆಣ ಬೀಳದೆಯೂ ಜನಾಂಗಹತ್ಯೆ ಆಗಬಹುದು. ಹಾಗೆಯೇ ಲಕ್ಷಗಟ್ಟಲೆ ಹೆಣ ಬಿದ್ದರೂ ಜನಾಂಗಹತ್ಯೆ ಆಗದೆ ಇರಬಹುದು. ನಾನು ಆ ಹುಡುಗಿಗೆ ಕೊಟ್ಟ ಉತ್ತರ ಎರಡೂ ಕಡೆಯಿಂದ ತಪ್ಪು.

ಎರಡನೆಯದಕ್ಕೆ ಕಾಂಬೋಡಿಯಾ ಉದಾಹರಣೆ. 1975ರಿಂದ 1979ರ ತನಕ ಖಮೇರ್ ರೂಜ್ ಎನ್ನುವ ಕಮ್ಯುನಿಸ್ಟರ ಆಡಳಿತದಲ್ಲಿ ಸುಮಾರು 17 ಲಕ್ಷ ಜನ ಸತ್ತರು. ಹೆಚ್ಚಿನವರು ಆ ದೇಶದ ಬಹುಸಂಖ್ಯಾತ ಜನಾಂಗವಾದ ಖಮೇರರೇ. ಖಮೇರರನ್ನು ಖಮೇರರು ರಾಜಕೀಯ ಕಾರಣಕ್ಕೆ ಕೊಂದದ್ದು ಒಪ್ಪಂದದ ವ್ಯಾಖ್ಯೆಯೊಳಗೆ ಬರುವುದಿಲ್ಲ. 1946ರ ಗೊತ್ತುವಳಿಯಲ್ಲಿ ರಾಜಕೀಯ ಗುಂಪುಗಳ ಮಾತೂ ಇತ್ತು, 1948ರ ಹೊತ್ತಿಗೆ ಅದನ್ನು ತೆಗೆದರು. ಸೋವಿಯತ್ ಒಕ್ಕೂಟ ಮಾತ್ರ ಅಲ್ಲ, ಇನ್ನೂ ಹಲವು ದೇಶಗಳಿಗೆ ಅದು ಬೇಡವಾಗಿತ್ತು. ಹಾಗಾಗಿ 2018ರಲ್ಲಿ ಅಲ್ಲಿನ ವಿಶೇಷ ನ್ಯಾಯಾಲಯ ನೂವಾನ್ ಚಿಯಾ ಮತ್ತು ಖಿಯೂ ಸಂಫಾನ್ ಎನ್ನುವ ಮುದಿ ನಾಯಕರ ಮೇಲೆ ಜನಾಂಗಹತ್ಯೆಯ ಆರೋಪ ಸಾಬೀತಾಗಿದೆ ಅಂದದ್ದು ವಿಯೆಟ್ನಾಮೀಯರ ವಿಷಯದಲ್ಲಿ, ನೂವಾನ್ ಚಿಯಾನ ಮಟ್ಟಿಗೆ ಚಾಮ್ ಮುಸ್ಲಿಮರ ವಿಷಯದಲ್ಲೂ. ಉಳಿದ ಸಾವುಗಳು ಮಾನವತೆಯ ವಿರುದ್ಧದ ಅಪರಾಧದ ಲೆಕ್ಕಕ್ಕೆ ಹೋದವು. ಅದರ ಶಿಕ್ಷೆಯೂ ಕಡಿಮೆಯದ್ದಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಶಬ್ದ ಜಾಸ್ತಿ ಕೇಳಿಸಿದ್ದು ಎಂಡೋಸಲ್ಫಾನ್ ಎನ್ನುವ ಕೀಟನಾಶಕದ ವಿಷಯದಲ್ಲಿ. ಎಣ್ಮಕಜೆ, ಸ್ವರ್ಗ, ಪಡ್ರೆ ಕಡೆಯ ಗುಡ್ಡಗಳ ಮೇಲೆ ಎರಡು ದಶಕಕ್ಕಿಂತ ಜಾಸ್ತಿ ಕಾಲ, 2000ದ ತನಕ, ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಲ್ಲಿ ವಿಷ ಸುರಿದರು. ಬಾವಿ, ಕೆರೆ, ಸುರಂಗದ ನೀರು ಯಾವುದೂ ಉಳಿಯಲಿಲ್ಲ. ನನ್ನ ಕ್ಲಾಸಿನಲ್ಲೂ ಅಂಥ ಮನೆಗಳ ಮಕ್ಕಳಿದ್ದರು. ಒಬ್ಬ ಹುಡುಗನ ತಂಗಿ ಹತ್ತು ವರ್ಷವಾದರೂ ಚಾಪೆಯಿಂದ ಏಳುತ್ತಿರಲಿಲ್ಲ. ಅವನು ಮಧ್ಯಾಹ್ನದ ಬೆಲ್ಲಿಗೆ ಓಡಿಹೋಗಿ ಅವಳಿಗೆ ಗಂಜಿ ಉಣಿಸಿ ವಾಪಸು ಬರುತ್ತಿದ್ದ. ಅಂಥ ಮನೆಗಳ ಮುಂದೆ ನಿಂತು ನರಮೇಧ ಅಂದವರಲ್ಲಿ ನಾನೂ ಒಬ್ಬ. ಆದರೆ ಈ ಕಾನೂನಿನ ಕಣ್ಣಿನಲ್ಲಿ ಅದು ಜನಾಂಗಹತ್ಯೆ ಆಗುವುದಿಲ್ಲ. ವಿಷ ಸುರಿದವರು ಕೊಲ್ಲಲು ಹೊರಟದ್ದು ಗೇರು ಹೂವಿಗೆ ಬರುವ ಟೀ ಸೊಳ್ಳೆ ಎನ್ನುವ ಕೀಟವನ್ನು. ಕೆಳಗೆ ಮನುಷ್ಯರಿದ್ದಾರೆ ಅಂತ ಗೊತ್ತಿತ್ತು, ದೂರುಗಳಿದ್ದವು, ಆದರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಇದು ಘೋರ ಉಪೇಕ್ಷೆ. ಈ ಜನ ಇರಬಾರದು ಅನ್ನುವ ಸಂಕಲ್ಪ ಮಾತ್ರ ಅದರಲ್ಲಿ ಇರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಲ್ಲೇ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳಿತು. ಆ ಹೋರಾಟ ಗೆದ್ದಷ್ಟು ಗೆದ್ದದ್ದು ಬದುಕುವ ಹಕ್ಕು, ಪರಿಹಾರ, ಚಿಕಿತ್ಸೆ ಅನ್ನುವ ಮಾತುಗಳ ಮೇಲೆ.

ಇನ್ನು ನನ್ನ ಬೋರ್ಡಿನ ವಿಷಯ. ಭಾಷೆಯನ್ನು ಕೊಲ್ಲುವುದು ಜನಾಂಗಹತ್ಯೆ ಹೌದೋ ಅಲ್ಲವೋ? ಲೆಮ್ಕಿನ್‌ರನ್ನು ಕೇಳಿದ್ದರೆ ಅವರು ಕೂಡಲೇ ಅಲ್ಲ ಅನ್ನುತ್ತಿರಲಿಲ್ಲ. ಒಂದು ಜನಾಂಗದ ಭಾಷೆ, ಶಾಲೆ, ಪೂಜಾಸ್ಥಳ, ಪುಸ್ತಕ ಎಲ್ಲ ಹೋದ ಮೇಲೆ ಉಸಿರಾಡುವ ಮನುಷ್ಯರು ಉಳಿದರೂ ಜನಾಂಗ ಉಳಿಯುವುದಿಲ್ಲ ಅನ್ನುವುದು ಅವರ ನಂಬಿಕೆ. 1947ರ ಕರಡಿನಲ್ಲಿ 'ಸಾಂಸ್ಕೃತಿಕ ಜನಾಂಗಹತ್ಯೆ' ಅಂತ ಬೇರೆ ಭಾಗವೇ ಇತ್ತು. ಒಂದು ಗುಂಪಿನ ಭಾಷೆಯನ್ನು ಬಳಸದಂತೆ ತಡೆಯುವುದೂ ಅದರಲ್ಲಿ ಸೇರಿತ್ತು. 1948ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಕಾನೂನು ಸಮಿತಿಯಲ್ಲಿ ಅದನ್ನು ವೋಟಿಗೆ ಹಾಕಿದರು. ತೆಗೆಯಬೇಕು ಅಂತ 25, ಇರಲಿ ಅಂತ 16, ತಟಸ್ಥರು 4. ಅಲ್ಲಿಗೆ ಮುಗಿಯಿತು. ಗ್ಯಾಸ್ ಕೊಠಡಿಯಲ್ಲಿ ಕೊಂದದ್ದನ್ನೂ ಗ್ರಂಥಾಲಯ ಮುಚ್ಚಿದ್ದನ್ನೂ ಒಂದೇ ತಕ್ಕಡಿಗೆ ಹಾಕಬಾರದು ಅನ್ನುವುದು ಹೊರಗೆ ಹೇಳಿದ ಕಾರಣ. ಅದರಲ್ಲಿ ಸತ್ಯ ಇಲ್ಲದಿಲ್ಲ. ಆದರೆ ತೆಗೆಯಬೇಕು ಅಂತ ಪಟ್ಟು ಹಿಡಿದವರಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಅಪ್ಪ ಅಮ್ಮನಿಂದ ಬಿಡಿಸಿ ವಸತಿ ಶಾಲೆಗೆ ತುಂಬುತ್ತಿದ್ದ ಕೆನಡಾ ಕೂಡ ಇತ್ತು. ಸುಮಾರು ಒಂದೂವರೆ ಲಕ್ಷ ಮಕ್ಕಳು ಆ ಶಾಲೆಗಳಲ್ಲಿ ಬೆಳೆದರು. ತಮ್ಮ ಮಾತು ಆಡಿದರೆ ಪೆಟ್ಟು ಬೀಳುತ್ತಿತ್ತು. 2015ರಲ್ಲಿ ಅಲ್ಲಿನ ಸತ್ಯ ಮತ್ತು ಸಮನ್ವಯ ಆಯೋಗವೇ ಅದನ್ನು ಸಾಂಸ್ಕೃತಿಕ ಜನಾಂಗಹತ್ಯೆ ಅಂತ ಕರೆಯಿತು. 1948ರಲ್ಲಿ ಬಿಟ್ಟ ಭಾಗದಲ್ಲಿ ಮಕ್ಕಳನ್ನು ಸಾಗಿಸುವ ಒಂದು ಅಂಶ ಮಾತ್ರ ಗ್ರೀಸ್ ದೇಶ ಒತ್ತಾಯಿಸಿದ್ದಕ್ಕೆ ಒಪ್ಪಂದದೊಳಗೆ ಉಳಿಯಿತು.

ನಮ್ಮ ಕಥೆ ಬೇರೆ. 1956ರ ನವೆಂಬರ್ 1ರಂದು ಯಾರೂ ಮನೆ ಬಿಟ್ಟು ಹೋಗಲಿಲ್ಲ, ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಇದ್ದಲ್ಲೇ ಕೇರಳವಾಯಿತು. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಗಡಿ ವಿವಾದ ನೋಡಿದ ಮಹಾಜನ್ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈ ಅವರು ನೂರು ತುಂಬುವ ತನಕ ಆ ನೋವನ್ನು ಹೇಳುತ್ತಲೇ ಇದ್ದರು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ನಾವು ಬೀದಿಗಿಳಿದೆವು. ಕನ್ನಡ ಬಾರದ ಅಧ್ಯಾಪಕರು ಬಂದರೆ ಏನಾಗುತ್ತದೆ ಅಂತ ಬೇಕಾದರೆ ಆ ಹುಡುಗಿಯ ನೋಟ್ ಪುಸ್ತಕ ನೋಡಬೇಕಿತ್ತು. ಬೋರ್ಡಿನಲ್ಲಿದ್ದ ಮಲಯಾಳ ಅಕ್ಷರಗಳನ್ನು ಅವಳು ಚಿತ್ರ ಬಿಡಿಸಿದ ಹಾಗೆ ಬಿಡಿಸಿಕೊಂಡಿದ್ದಳು. ಅದರ ಕೆಳಗೆ ಕಿವಿಗೆ ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆದಿದ್ದಳು. ಅರ್ಥ ಮಾತ್ರ ಎಲ್ಲೂ ಇರಲಿಲ್ಲ. ಅದು ವಿಜ್ಞಾನದ ನೋಟ್ಸು.

ಇದು ಅನ್ಯಾಯ. ಆದರೆ ಕನ್ನಡಿಗರನ್ನು ಇಲ್ಲದ ಹಾಗೆ ಮಾಡಬೇಕು ಅಂತ ಯಾರೋ ಕೂತು ಸಂಕಲ್ಪ ಮಾಡಿದ್ದಾರೆ ಅಂತ ನಾನು ಹೇಳಲಾರೆ. ಪಕ್ಕದ ಮನೆಯ ಮಲಯಾಳಿ ನಮ್ಮ ಮನೆಯ ಪೂಜೆಗೂ ಬರುತ್ತಾನೆ, ಧರಣಿಗೂ ಬಂದಿದ್ದಾನೆ. ನರಮೇಧ ಅಂದ ಕೂಡಲೇ ಅವನು ಎದುರು ಪಕ್ಷದವನಾಗುತ್ತಾನೆ. ಅಧಿಕಾರಿಗಳಿಗೂ ಸುಲಭವಾಗುತ್ತದೆ, ಎಲ್ಲಿದೆ ನರಮೇಧ ಅಂತ ಕೇಳಿ ಫೈಲು ಮುಚ್ಚಿದರಾಯಿತು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಮಾಡಿಕೊಡಬೇಕು ಅನ್ನುತ್ತದೆ. 350ಬಿ ಅಡಿಯಲ್ಲಿ ನೋಡಿಕೊಳ್ಳಲು ಒಬ್ಬ ವಿಶೇಷ ಅಧಿಕಾರಿ ಇದ್ದಾರೆ. ಈ ಎರಡೂ ಸೇರಿದ್ದು 1956ರ ಏಳನೇ ತಿದ್ದುಪಡಿಯಲ್ಲಿ, ಅಂದರೆ ರಾಜ್ಯಗಳ ಗಡಿ ಹೊಸದಾಗಿ ಗೀಚಿದ ಹೊತ್ತಿನಲ್ಲೇ, ನಮ್ಮಂಥವರಿಗಾಗಿಯೇ. ಅಲ್ಪಸಂಖ್ಯಾತರ ಭಾಷೆ, ಶಾಲೆಗಳನ್ನು ಕಾಯುವ 29 ಮತ್ತು 30ನೇ ವಿಧಿಗಳಂತೂ ಮೊದಲಿನಿಂದ ಇವೆ. ಇವತ್ತು ಬೋರ್ಡು ಬರೆಯುವುದಾದರೆ 'ಕನ್ನಡ ಬಲ್ಲ ಅಧ್ಯಾಪಕರನ್ನು ಕೊಡಿ, 350ಎ ಪಾಲಿಸಿ' ಅಂತ ಬರೆದೇನು. ಅದಕ್ಕೆ ಅವಳು "ಅಂದ್ರೆ ಎಂತ" ಅಂತ ಕೇಳಿದರೆ ಉತ್ತರ ಇದೆ.

ಜನಾಂಗಹತ್ಯೆಯ ಒಪ್ಪಂದ ಮೊದಲ ಐವತ್ತು ವರ್ಷ ಕಪಾಟಿನಲ್ಲೇ ಇತ್ತು ಅಂದರೂ ಸರಿ. ಅಂತಾರಾಷ್ಟ್ರೀಯ ನ್ಯಾಯಾಲಯವೊಂದು ಈ ಅಪರಾಧಕ್ಕೆ ಮೊದಲ ಸಲ ಒಬ್ಬನನ್ನು ತಪ್ಪಿತಸ್ಥ ಅಂದದ್ದು 1998ರ ಸೆಪ್ಟೆಂಬರ್ 2ರಂದು. ಅವನು ರುವಾಂಡಾದ ತಾಬಾ ಎನ್ನುವ ಊರಿನ ಮೇಯರ್ ಜಾನ್ ಪಾಲ್ ಅಕಾಯೆಸು. 1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ ಆ ದೇಶದಲ್ಲಿ 8 ಲಕ್ಷದಷ್ಟು ಜನ ಸತ್ತರು, ಹೆಚ್ಚಿನವರು ಅಲ್ಪಸಂಖ್ಯಾತರಾದ ಟುಟ್ಸಿಗಳು, ಕೊಂದವರು ಬಹುಸಂಖ್ಯಾತ ಹುಟುಗಳಲ್ಲಿನ ಉಗ್ರರು. ಹೆಚ್ಚಿನ ಕೊಲೆಗಳು ಆದದ್ದು ಮನೆಯಲ್ಲಿದ್ದ ಕತ್ತಿ, ದೊಣ್ಣೆಗಳಲ್ಲಿ, ಅಕ್ಕಪಕ್ಕದವರ ಕೈಯಲ್ಲಿ. ಹುಟು, ಟುಟ್ಸಿ ಇಬ್ಬರೂ ಮಾತಾಡುವುದು ಒಂದೇ ಕಿನ್ಯಾರುವಾಂಡಾ ಭಾಷೆ, ಹೋಗುವುದು ಒಂದೇ ಚರ್ಚಿಗೆ. ಯಾರು ಯಾರು ಅಂತ ಗುರುತಿಸಲು ಬಳಸಿದ್ದು 1930ರ ದಶಕದಲ್ಲಿ ಬೆಲ್ಜಿಯನ್ನರು ಶುರುಮಾಡಿದ ಗುರುತಿನ ಚೀಟಿಯನ್ನು. ರಸ್ತೆಗೆ ಮರ ಅಡ್ಡ ಹಾಕಿ ಚೀಟಿ ಕೇಳುತ್ತಿದ್ದರು. ಒಂದು ರೇಡಿಯೋ ದಿನವಿಡೀ ಟುಟ್ಸಿಗಳನ್ನು ಜಿರಲೆ ಅನ್ನುತ್ತಿತ್ತು. ಜಿರಲೆ ಅಂದ ಮೇಲೆ ಮೆಟ್ಟುವುದು ಸಹಜ ಅಂತ ಅನಿಸತೊಡಗುತ್ತದೆ. ಲೆಮ್ಕಿನ್‌ರ ಪ್ರೊಫೆಸರ್ ಹೇಳಿದ ಕೋಳಿಯ ಮಾತೂ, ಹಾವಿನ ಮಾತೂ ಅದೇ ಸಾಲಿನದು. ಕೊಲ್ಲಲು ಬಹಿರಂಗವಾಗಿ ಪ್ರಚೋದಿಸುವುದನ್ನು ಒಪ್ಪಂದದ ಮೂರನೇ ವಿಧಿ ಬೇರೆಯೇ ಅಪರಾಧ ಅನ್ನುತ್ತದೆ. 2003ರಲ್ಲಿ ಆ ರೇಡಿಯೋ ಮತ್ತು ಒಂದು ಪತ್ರಿಕೆ ನಡೆಸಿದವರಿಗೆ ಶಿಕ್ಷೆಯಾಯಿತು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಸಮುದಾಯವನ್ನೇ ಪ್ರಾಣಿಯ ಹೆಸರಿನಲ್ಲಿ ಕರೆಯುವ ಫಾರ್ವರ್ಡು ಬಂದಾಗೆಲ್ಲ ನನಗೆ ಆ ರೇಡಿಯೋ ನೆನಪಾಗುತ್ತದೆ.

ಅಕಾಯೆಸು ಕೇಸಿನಲ್ಲಿ ಕೂತ ಮೂವರು ನ್ಯಾಯಾಧೀಶರಲ್ಲಿ ಒಬ್ಬರು ನವನೀತಂ ಪಿಳ್ಳೈ, ದಕ್ಷಿಣ ಆಫ್ರಿಕಾದ ಡರ್ಬನ್‌ನ ತಮಿಳು ಮೂಲದ ಬಸ್ ಡ್ರೈವರೊಬ್ಬರ ಮಗಳು. ಒಂದು ಗುಂಪನ್ನು ನಾಶಮಾಡುವ ಉದ್ದೇಶದಿಂದ ನಡೆದ ಅತ್ಯಾಚಾರವೂ ಜನಾಂಗಹತ್ಯೆಯೇ ಅಂತ ಆ ತೀರ್ಪು ಹೇಳಿತು. ಅದಕ್ಕಿಂತ ಮೊದಲು ಯಾವ ನ್ಯಾಯಾಲಯವೂ ಅದನ್ನು ಹೇಳಿರಲಿಲ್ಲ.

ಸಂಕಲ್ಪವನ್ನು ಸಾಬೀತು ಮಾಡುವುದು ಹೇಗೆ? ಕೊಲ್ಲಿಸುವವರು ಅದನ್ನು ಬರೆದಿಡುವುದು ಅಪರೂಪ. ಹಾಗಾಗಿ ಮಾಡಿದ ಕೆಲಸಗಳ ರೀತಿ ನೋಡಿ ಉದ್ದೇಶ ತೀರ್ಮಾನಿಸುತ್ತಾರೆ. ಬೇರೆ ಯಾವ ಅರ್ಥವೂ ಹೊರಡದ ಹಾಗಿರಬೇಕು ಅನ್ನುವಷ್ಟು ಬಿಗಿಯಾದ ಅಳತೆ ಅದು. ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ 1995ರ ಜುಲೈಯಲ್ಲಿ ಸುಮಾರು 8,000 ಮುಸ್ಲಿಂ ಗಂಡಸರನ್ನು, ಹುಡುಗರನ್ನು ಕೊಂದದ್ದನ್ನು ಎಲ್ಲ ನ್ಯಾಯಾಲಯಗಳೂ ಜನಾಂಗಹತ್ಯೆ ಅಂದವು. ಅದೇ ಯುದ್ಧದ ಬೇರೆ ಊರುಗಳ ಕೊಲೆಗಳನ್ನು 2007ರ ತೀರ್ಪಿನಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಹಾಗೆ ಅನ್ನಲಿಲ್ಲ. ಕೊಂದವರ ಬೆನ್ನಿಗಿದ್ದ ಪಕ್ಕದ ದೇಶ ಸರ್ಬಿಯಾ ತಾನೇ ಜನಾಂಗಹತ್ಯೆ ಮಾಡಿತು ಅಂತಲೂ ಹೇಳಲಿಲ್ಲ, ತಡೆಯುವ ಕರ್ತವ್ಯದಲ್ಲಿ ತಪ್ಪಿತು ಅಂದಿತು. ತಡೆಯುವುದೂ ಕರ್ತವ್ಯ ಅನ್ನುವುದು ಮುಖ್ಯ. ಎಲ್ಲ ಮುಗಿದ ಮೇಲೆ ಹೆಸರಿಡುವುದಕ್ಕಾಗಿ ಮಾಡಿದ ಒಪ್ಪಂದ ಅಲ್ಲ ಇದು.

ಆ ಕರ್ತವ್ಯದ ಬಲದ ಮೇಲೆಯೇ ಈಗಿನ ಕೇಸುಗಳು ನಿಂತಿವೆ. 2017ರಲ್ಲಿ ಮ್ಯಾನ್ಮಾರ್ ಸೇನೆಯ ದಾಳಿಗೆ 7 ಲಕ್ಷಕ್ಕಿಂತ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಬಾಂಗ್ಲಾದೇಶಕ್ಕೆ ಓಡಿಬಂದರು. 2019ರಲ್ಲಿ ಮ್ಯಾನ್ಮಾರನ್ನು ಕೋರ್ಟಿಗೆ ಎಳೆದದ್ದು ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ. ಅದರ ಆಗಿನ ಕಾನೂನು ಮಂತ್ರಿ ಅಬೂಬಕರ್ ತಂಬಾದು ಮೊದಲು ರುವಾಂಡಾದ ಕೇಸುಗಳಿಗಾಗಿ ಇದ್ದ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಕೆಲಸ ಮಾಡಿದವರು. ಕಾಕ್ಸ್ ಬಜಾರಿನ ನಿರಾಶ್ರಿತ ಶಿಬಿರದಲ್ಲಿ ಜನ ಹೇಳಿದ್ದು ಕೇಳಿದಾಗ ಅವರಿಗೆ ರುವಾಂಡಾ ನೆನಪಾಯಿತಂತೆ. ಮ್ಯಾನ್ಮಾರ್‌ಗೂ ಗ್ಯಾಂಬಿಯಾಕ್ಕೂ ಗಡಿ ಇಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ಯಾವ ದೇಶವೂ ಕೇಳಬಹುದು ಅಂತ ನ್ಯಾಯಾಲಯ ಒಪ್ಪಿತು. ಕೋಳಿಯ ರೈತನ ಮಾತಿಗೆ ಸಿಕ್ಕಿದ ನೇರ ಉತ್ತರ ಅದು.

2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು. ಅದರ ಬೆನ್ನಿಗೆ ಗಾಜಾದ ಮೇಲೆ ಇಸ್ರೇಲ್ ಶುರುಮಾಡಿದ ಯುದ್ಧದಲ್ಲಿ ಹತ್ತಾರು ಸಾವಿರ ಪ್ಯಾಲೆಸ್ಟೀನಿಯನ್ನರು ಸತ್ತಿದ್ದಾರೆ. ಆ ವರ್ಷದ ಡಿಸೆಂಬರ್ 29ರಂದು ದಕ್ಷಿಣ ಆಫ್ರಿಕಾ ಹೇಗ್‌ನ ಅದೇ ನ್ಯಾಯಾಲಯದಲ್ಲಿ ಇಸ್ರೇಲ್ ಮೇಲೆ ಕೇಸು ಹಾಕಿತು. 2024ರ ಜನವರಿ 26ರಂದು ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟಿತು, ಜನಾಂಗಹತ್ಯೆಯ ಕೃತ್ಯಗಳನ್ನು ತಡೆಯಿರಿ, ನೆರವು ಒಳಗೆ ಬಿಡಿ ಅಂತ. ಅದು ಅಂತಿಮ ತೀರ್ಪಲ್ಲ, ಎರಡೂ ಕಡೆಯವರು ಇದನ್ನು ಮರೆತು ಮಾತಾಡುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ಐದು ಕೃತ್ಯಗಳಲ್ಲಿ ನಾಲ್ಕನ್ನು ಇಸ್ರೇಲ್ ಮಾಡಿದೆ, ಇದು ಜನಾಂಗಹತ್ಯೆ ಅಂತ ವರದಿ ಕೊಟ್ಟಿತು. ಇಸ್ರೇಲ್ ಅದನ್ನು ಪೂರ್ತಿ ತಳ್ಳಿಹಾಕಿದೆ. ಆಯೋಗದ ಆಗಿನ ಅಧ್ಯಕ್ಷೆ ಅದೇ ನವನೀತಂ ಪಿಳ್ಳೈ. ಹಸಿವಿನಿಂದ ಒಣಗಿದ ಮಗುವಿನ ಚಿತ್ರ ಟಿವಿಯಲ್ಲಿ ಬಂದಾಗ ಇದಕ್ಕೆ ಯಾವ ಶಬ್ದ ಸರಿ ಅಂತ ಕೋರ್ಟು ಹೇಳುವ ತನಕ ಕಾಯಬೇಕು ಅಂತ ನಾನು ಹೇಳುವುದಿಲ್ಲ. ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧ, ಜನಾಂಗಹತ್ಯೆ, ಯಾವುದಾದರೂ ನಿಲ್ಲಿಸಬೇಕಾದದ್ದೇ. 1994ರಲ್ಲಿ ಅಮೆರಿಕದ ವಕ್ತಾರರು ರುವಾಂಡಾದ ಬಗ್ಗೆ ಆ ಶಬ್ದ ನೇರವಾಗಿ ಬಳಸಬೇಕೋ ಬೇಡವೋ ಅಂತ ತಡವರಿಸುತ್ತಿದ್ದಾಗಲೂ ರಸ್ತೆಯಲ್ಲಿ ಚೀಟಿ ಕೇಳುವುದು ನಡೆದೇ ಇತ್ತು.

ಭಾರತದ ಮಾತಿಗೆ ಬರೋಣ. 1946ರಲ್ಲಿ ಮುಂದೆ ನಿಂತ ನಾವು 1949ರಲ್ಲಿ ಸಹಿ ಹಾಕಿದೆವು, 1959ರಲ್ಲಿ ಅಂಗೀಕರಿಸಿದೆವು. ನಮ್ಮ ಒಪ್ಪಿಗೆ ಇಲ್ಲದೆ ಹೇಗ್‌ನ ನ್ಯಾಯಾಲಯಕ್ಕೆ ನಮ್ಮನ್ನು ಎಳೆಯುವಂತಿಲ್ಲ ಅಂತ ಒಂದು ಷರತ್ತು ಇಟ್ಟೆವು. ಅದು 1973ರಲ್ಲಿ ಉಪಯೋಗಕ್ಕೆ ಬಂತು. 1971ರ ಯುದ್ಧದಲ್ಲಿ ಸೆರೆಸಿಕ್ಕ 195 ಪಾಕ್ ಸೈನಿಕರನ್ನು ಜನಾಂಗಹತ್ಯೆಯ ವಿಚಾರಣೆಗೆ ಬಾಂಗ್ಲಾದೇಶಕ್ಕೆ ಕೊಡಬಾರದು ಅಂತ ಪಾಕಿಸ್ತಾನ ಇದೇ ಒಪ್ಪಂದ ಹಿಡಿದು ಹೇಗ್‌ಗೆ ಹೋಗಿತ್ತು. ಆಮೇಲೆ ಕೇಸು ವಾಪಸು ಪಡೆಯಿತು. ಬಾಂಗ್ಲಾದೇಶ ಅದೇ ವರ್ಷ ತನ್ನದೇ ಕಾನೂನು ಮಾಡಿಕೊಂಡಿತು.

ನಮ್ಮಲ್ಲಿ ಅಂಥ ಕಾನೂನು ಇಲ್ಲ. ಜಿನೀವಾ ಒಪ್ಪಂದಗಳಿಗೆ 1960ರಲ್ಲಿ ಕಾಯಿದೆ ಮಾಡಿದ ಸಂಸತ್ತು ಜನಾಂಗಹತ್ಯೆಯ ಒಪ್ಪಂದಕ್ಕೆ ಮಾಡಲಿಲ್ಲ. 1984ರ ಸಿಖ್ ಹತ್ಯೆಗಳ ಒಂದು ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್ 17ರಂದು ಇದನ್ನು ಬಾಯಿಬಿಟ್ಟು ಹೇಳಿತು. ಮಾನವತೆಯ ವಿರುದ್ಧದ ಅಪರಾಧವಾಗಲಿ ಜನಾಂಗಹತ್ಯೆಯಾಗಲಿ ನಮ್ಮ ಅಪರಾಧ ಕಾನೂನಿನಲ್ಲಿ ಇಲ್ಲ, ಈ ಕಂಡಿಯನ್ನು ಬೇಗ ಮುಚ್ಚಬೇಕು ಅಂತ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಆಗಲೂ ಅದನ್ನು ಸೇರಿಸಲಿಲ್ಲ. ಹಾಗಾಗಿ ಈ ದೇಶದಲ್ಲಿ ಒಂದು ಗುಂಪನ್ನೇ ಗುರಿಮಾಡಿ ಸಾವಿರ ಜನರನ್ನು ಕೊಂದರೆ ಅದು ಸಾವಿರ ಕೊಲೆ ಕೇಸುಗಳು. ಯಾರ ಕೈಯಲ್ಲಿ ಕತ್ತಿ ಇತ್ತು ಅಂತ ಒಂದೊಂದಾಗಿ ಹುಡುಕಬೇಕು. ಹೋಮದ ಎದುರು ಕೂತು ಸಂಕಲ್ಪ ಮಾಡಿದವನನ್ನು ಅದಕ್ಕಾಗಿಯೇ ಹಿಡಿಯುವ ಸೆಕ್ಷನ್ ಇಲ್ಲ.

ಲೆಮ್ಕಿನ್ ಕೊನೆಯ ವರ್ಷಗಳಲ್ಲಿ ನ್ಯೂಯಾರ್ಕ್‌ನಲ್ಲಿ ಬಡತನದಲ್ಲಿದ್ದರು. ಒಂದೊಂದು ದೇಶವನ್ನೂ ಒಪ್ಪಿಸಲು ಪತ್ರ ಬರೆಯುವುದೇ ಅವರ ದಿನದ ಕೆಲಸ. ಅವರಿಗೆ ಆಶ್ರಯ ಕೊಟ್ಟ ಅಮೆರಿಕ ಅಂಗೀಕರಿಸಿದ್ದು 1988ರಲ್ಲಿ. ಭಾರತದ ಅಂಗೀಕಾರ ಪತ್ರ ವಿಶ್ವಸಂಸ್ಥೆ ಸೇರಿದ್ದು 1959ರ ಆಗಸ್ಟ್ 27ರಂದು. ಮರುದಿನ, ಆಗಸ್ಟ್ 28ರಂದು, ಅದೇ ನ್ಯೂಯಾರ್ಕ್‌ನಲ್ಲಿ ಲೆಮ್ಕಿನ್ ಹೃದಯಾಘಾತದಿಂದ ತೀರಿಕೊಂಡರು. ಭಾರತ ಒಪ್ಪಿದ ಸುದ್ದಿ ಅವರ ಕಿವಿಗೆ ಬಿದ್ದಿತ್ತೇ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆ ಪತ್ರಕ್ಕೆ ಬೇಕಾದ ಕಾಯಿದೆಯನ್ನು ನಮ್ಮ ಸಂಸತ್ತು ಇನ್ನೂ ಮಾಡಿಲ್ಲ.